ಅತ್ತೆ ಅತ್ತ ಸಿನಿಮಾ

ಬೇಸಿಗೆ ಬಂತೆಂದರೆ ನಮ್ಮ ಚಿಂತಾಮಣಿಗೆ ಹುಣಸೆಹಣ್ಣಿನ ಗಾಡಿಗಳು ಬರುತ್ತಿದ್ದವು, ಹೊಸ ಸಿನಿಮಾಗಳು ಬರುತ್ತಿದ್ದವು, ಹೆಣ್ಣು ನೋಡುವವರು ಬರುತ್ತಿದ್ದರು. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಕೊನೆಯ ಮಾತು. ಬೆಂಗಳೂರಿನಲ್ಲಿ ಯುಗಾದಿಗೆ ಬಿಡುಗಡೆಯಾದ ಚಿತ್ರ ನಮ್ಮೂರು ತಲುಪುವ ಹೊತ್ತಿಗೆ ಮಾವಿನಹಣ್ಣು ಅಗ್ಗವಾಗಿರುತ್ತಿತ್ತು. ಒಂದೇ ಪ್ರಿಂಟು ನಾಲ್ಕು ಊರು ಸುತ್ತುತ್ತಿತ್ತು. ಗೌರಿಬಿದನೂರಿನಲ್ಲಿ ಮುಗಿದರೆ ಚಿಕ್ಕಬಳ್ಳಾಪುರ, ಅಲ್ಲಿಂದ ಚಿಂತಾಮಣಿ, ಕೊನೆಗೆ ಶಿಡ್ಲಘಟ್ಟ. ಬಸ್ಸಿನ ಟಾಪಿನಿಂದ ರೀಲಿನ ಡಬ್ಬಗಳನ್ನು ಇಳಿಸುವುದನ್ನು ಕಂಡವರು ಮನೆ ಸೇರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹೇಳಿರುತ್ತಿದ್ದರು.

ನಾನು ಆಗ ಡಿಗ್ರಿ ಮುಗಿಸಿ ಮನೆ ಹತ್ತಿರದ ಶಿಶುವಿಹಾರವೊಂದರಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಬೇಸಿಗೆ ರಜೆ ಇಡೀ ನನ್ನದು. ಅಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮೈದಾನದಲ್ಲಿ ಇಡೀ ದಿನ ಕೂಗುತ್ತಿದ್ದುದರಿಂದಲೋ ಏನೋ ಮನೆಯಲ್ಲಿ ಅವರ ಬಾಯಿಂದ ಮಾತು ಬರುವುದೇ ಅಪರೂಪ. ಅಮ್ಮನಿಗೂ ನನಗೂ ಸಿನಿಮಾ ಹುಚ್ಚು. ಇಬ್ಬರೂ ಮಧ್ಯಾಹ್ನದ ಆಟಕ್ಕೆ ಹೋಗಿ ಹೆಂಗಸರ ಕಡೆಯ ಬೆಂಚಿನಲ್ಲಿ ಫ್ಯಾನು ನೋಡಿ ಜಾಗ ಹಿಡಿಯುತ್ತಿದ್ದೆವು. ಮೇಲೆ ಶೀಟಿನ ಸೂರು ಕಾದು ಧಗಧಗ. ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ತಿನ್ನುತ್ತ ನೋಡಿದ ಆ ಸಿನಿಮಾಗಳ ಎಷ್ಟೋ ಕಥೆಗಳು ಈಗ ಒಂದರೊಳಗೊಂದು ಕಲೆತುಹೋಗಿವೆ.

ಸಿನಿಮಾ ಮುಗಿದ ಮೇಲೆ ಅಮ್ಮ ಸುಮ್ಮನಾಗುತ್ತಿದ್ದಳು. ನಾನು ಆಗ ಶುರುಮಾಡುತ್ತಿದ್ದೆ. ಒಂದು ಬೇಸಿಗೆಯಲ್ಲಿ ಕಾಲೇಜು ಪ್ರೇಮದ ಕಥೆಯೊಂದು ಬಂದಿತ್ತು. ಅದರ ನಾಯಕ ಪುಸ್ತಕ ಹಿಡಿದು ಬಂದರೆ ನಮ್ಮಪ್ಪನ ಓರಗೆಯವನ ಹಾಗೆ ಕಾಣುತ್ತಿದ್ದ. ಇನ್ನೊಂದರಲ್ಲಿ ಅವಳಿ ಅಣ್ಣತಮ್ಮಂದಿರು; ಒಬ್ಬನಿಗೆ ಮೀಸೆ, ಇನ್ನೊಬ್ಬನಿಗೆ ಇಲ್ಲ. ಹೆತ್ತ ತಾಯಿಗೇ ಗುರುತು ಸಿಗದೆ ಮೂರು ಗಂಟೆ ಒದ್ದಾಡುತ್ತಾಳೆ. ನಾನು ಇದನ್ನೆಲ್ಲ ದಾರಿಯುದ್ದಕ್ಕೂ ಆಡಿಕೊಂಡರೆ ಅಮ್ಮ, "ನಿಂಗೆ ತೋರಿಸೋ ಬದ್ಲು ಆ ದುಡ್ಡಲ್ಲಿ ಮಲ್ಲಿಗೆ ಹೂವು ತಗೊಂಡಿದ್ರೆ ಮನೆಯಾದ್ರೂ ಘಮ್ ಅಂತಿತ್ತು" ಅನ್ನುತ್ತಿದ್ದಳು. ಮುಂದಿನ ವಾರ ಅವಳೇ ಹೊರಡಿಸುತ್ತಿದ್ದಳು.

ಅದೇ ಬೇಸಿಗೆಯಲ್ಲಿ ನನ್ನನ್ನು ನೋಡಲು ನಗರಗೆರೆ ಕಡೆಯಿಂದ ಬಂದರು. ಗೌರಿಬಿದನೂರಿನಾಚೆ, ಆಂಧ್ರದ ಗಡಿಗೆ ಹತ್ತಿರದ ಊರು ಅದು. ಬೇಸಾಯದ ಮನೆ. ಹುಡುಗ ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸದಲ್ಲಿದ್ದ. ಅವನ ತಂದೆ ತೀರಿಕೊಂಡಿದ್ದರು. ಅವನ ಜೊತೆ ತಾಯಿ, ಸೋದರಮಾವ ಬಂದಿದ್ದರು. ತಾಯಿಯದು ಎತ್ತರದ ಆಳ್ತನ, ಬಿಸಿಲಿಗೆ ಬೆಂದ ಮುಖ, ಹಸಿರು ಅಂಚಿನ ಕೆಂಪು ನೂಲಿನ ಸೀರೆ. ಬಂದು ಕೂತವರು ಗೋಡೆಯ ಕ್ಯಾಲೆಂಡರಿನಿಂದ ಹಿಡಿದು ನನ್ನ ಕಾಲುಂಗುರವಿಲ್ಲದ ಬೆರಳಿನವರೆಗೆ ಎಲ್ಲವನ್ನೂ ನಿಧಾನವಾಗಿ ನೋಡಿದರು.

ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಅಪ್ಪನಿಗೆ ಮಾತು ಬಾರದು. ಹುಡುಗ ತಲೆ ಎತ್ತಲಿಲ್ಲ. ಮೌನ ಮುರಿಯಲೆಂದು ಸೋದರಮಾವ ನನ್ನ ಕಡೆ ತಿರುಗಿ, "ಸಿನಿಮಾ ಗಿನಿಮಾ ನೋಡ್ತೀಯೇನಮ್ಮಾ?" ಎಂದು ಕೇಳಿದರು.

"ನೋಡ್ತೀನಿ."

"ಈಚೆಗೆ ಯಾವುದು ನೋಡ್ದೆ?"

ನಾನು ಹೆಸರು ಹೇಳಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷ ಹೆಂಗಸರು ಗಾಡಿ ಕಟ್ಟಿಸಿಕೊಂಡು ಹೋಗಿ ಅತ್ತು ಬಂದ ಚಿತ್ರ ಅಂದರೆ ಸಾಕು. ಅನುಮಾನದ ಗಂಡ ಹೆಂಡತಿಯನ್ನು ಮನೆಯಿಂದ ಹೊರಹಾಕುತ್ತಾನೆ. ಅವಳು ಇಟ್ಟಿಗೆ ಗೂಡಿನಲ್ಲಿ ದುಡಿದು ಮಗುವನ್ನು ಬೆಳೆಸುತ್ತಾಳೆ. ಕಡೆಗೆ ಗಂಡನಿಗೆ ಸತ್ಯ ತಿಳಿಯುತ್ತದೆ. ಅವನು ಕಾರಿನಲ್ಲಿ ಬಂದು ಇಳಿದದ್ದೇ ಅವಳು ಓಡಿ ಅವನ ಕಾಲಿಗೆ ಬೀಳುತ್ತಾಳೆ. ಮೇಲೆ ಹೂವಿನ ಮಳೆ.

"ಹೆಂಗಿತ್ತು?" ಎಂದರು ಸೋದರಮಾವ.

"ಚೆನ್ನಾಗಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಕಣ್ಣಲ್ಲೇ ಬೇಡ ಅಂದಳು. ಆದರೆ ಸೋದರಮಾವ, "ಯಾಕಮ್ಮಾ? ಊರೆಲ್ಲ ಹೊಗಳ್ತಾರಲ್ಲ?" ಎಂದು ಕೇಳಿಬಿಟ್ಟರು. ಕೇಳಿದ ಮೇಲೆ ಹೇಳದಿರುವುದು ಹೇಗೆ?

"ತಪ್ಪು ಮಾಡಿದೋನು ಗಂಡ. ಕಾಲಿಗೆ ಬೀಳೋದು ಹೆಂಡ್ತಿ. ಅಷ್ಟು ವರ್ಷ ಇಟ್ಟಿಗೆ ಹೊತ್ತೋಳಿಗೆ ಅಷ್ಟೂ ರೋಷ ಬೇಡ್ವಾ? ಇಡೀ ಸಿನಿಮಾನೇ ಸುಳ್ಳು ಅನ್ನಿಸ್ತು ನಂಗೆ."

 ಹುಡುಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. ತಾಯಿ ಕಾಫಿ ಲೋಟವನ್ನು ಕೆಳಗಿಟ್ಟು, "ನಾನು ಆ ಸಿನಿಮಾನ ಗೌರಿಬಿದನೂರಲ್ಲಿ ನೋಡಿ, ಇನ್ನೊಂದು ಸಲ ಚಿಕ್ಕಬಳ್ಳಾಪುರಕ್ಕೆ ಹೋಗಿ ನೋಡಿ, ಎರಡು ಸಲಾನೂ ಅತ್ತಿದೀನಿ ಕಣಮ್ಮ" ಎಂದರು. ದನಿಯಲ್ಲಿ ಕೋಪವಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಎಲೆ ಅಡಿಕೆ ತೆಗೆದುಕೊಂಡು, "ಊರಿಗೆ ಹೋಗಿ ತಿಳಿಸ್ತೀವಿ" ಅಂದು ಎದ್ದರು.

ಊರಿಗೆ ಹೋಗಿ ತಿಳಿಸುತ್ತೇವೆ ಅಂದವರು ತಿಳಿಸುವುದಿಲ್ಲ ಎಂಬುದು ಹೆಣ್ಣು ಹೆತ್ತವರಿಗೆಲ್ಲ ಗೊತ್ತಿರುವ ಸಂಗತಿ. ಅವರು ಬೀದಿ ತಿರುಗುವವರೆಗೆ ತಡೆದುಕೊಂಡಿದ್ದ ಅಮ್ಮ ಬಾಗಿಲು ಹಾಕಿದ್ದೇ ಶುರುಮಾಡಿದಳು. "ಚೆನ್ನಾಗಿತ್ತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ಆ ಸಿನಿಮಾ ನಿಮ್ಮಪ್ಪನ ಆಸ್ತಿನಾ? ಎಂಥ ಮನೆ, ಎಂಥ ಹುಡುಗ! ಬಾಯಿ ಬಿಟ್ಟು ಬಣ್ಣಗೇಡು ಮಾಡ್ಕೊಂಡ್ಯಲ್ಲೇ!" ನನಗೂ ಒಳಗೊಳಗೇ ಅಳುಕಾಯಿತು. ತಲೆ ಎತ್ತಿ ನೋಡಿದ ಆ ಒಂದು ಕ್ಷಣದಲ್ಲಿ ಹುಡುಗನ ಮುಖ ನನಗೆ ಹಿಡಿಸಿತ್ತು. ಅಪ್ಪ ರಜೆಯಲ್ಲೂ ಕೊರಳಿನಿಂದ ತೆಗೆಯದ ವಿಷಲ್ಲಿನ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಅಮ್ಮನ ಮಾತು ತಗ್ಗಿದ ಮೇಲೆ, "ಚೆನ್ನಾಗಿಲ್ದೇ ಇದ್ರೆ ಚೆನ್ನಾಗಿಲ್ಲ ಅಂತಾಳೆ. ಮತ್ತಿನ್ನೇನು ಅನ್ನಬೇಕು?" ಎಂದಷ್ಟೇ ಹೇಳಿ ಹೊರಗೆ ಹೋದರು.

ಹತ್ತು ಹದಿನೈದು ದಿನ ಯಾವ ಸುದ್ದಿಯೂ ಇಲ್ಲ. ಅಮ್ಮ ಬೇರೆ ಕಡೆ ವಿಚಾರಿಸತೊಡಗಿದ್ದಳು. ಅಷ್ಟರಲ್ಲಿ ಒಂದು ಸಂತೆಯ ದಿನ ಹುಡುಗನ ಸೋದರಮಾವ ಹುಣಸೆಹಣ್ಣು ಮಾರಿ ವಾಪಸು ಹೋಗುವಾಗ ನಮ್ಮ ಮನೆಗೆ ಬಂದರು. ನೀರು ಕುಡಿದು, ಹೇಳಲೋ ಬೇಡವೋ ಎಂಬಂತೆ ಮುಖ ಒರೆಸಿಕೊಂಡು, "ನಮ್ಮಕ್ಕ ಒಂದು ಮಾತು ಹೇಳಿಕಳ್ಸಿದಾಳೆ. ನೀವು ತಪ್ಪು ತಿಳ್ಕೊಬಾರ್ದು. ಆ ಸಿನಿಮಾ ಈಗ ಶಿಡ್ಲಘಟ್ಟಕ್ಕೆ ಬಂದೈತಂತೆ. ಭಾನುವಾರ ಮ್ಯಾಟ್ನಿಗೆ ಹುಡುಗೀನ ಅಲ್ಲಿಗೆ ಕರ್ಕೊಂಡು ಬರೋದು. ಆ ಕಡೆಯಿಂದ ಅವಳು ಬರ್ತಾಳೆ" ಎಂದರು.

ಅಮ್ಮನಿಗೆ ಅರ್ಥವಾಗಲಿಲ್ಲ. "ಯಾತಕ್ಕೆ?"

"ಜೊತೇಲಿ ಕೂತು ನೋಡಕ್ಕಂತೆ."

"ಇದೇನು ಹೊಸ ಪರೀಕ್ಷೆ!" ಅಂದಳು ಅಮ್ಮ. ಇಂಥದ್ದನ್ನು ನಾವು ಕೇಳಿರಲಿಲ್ಲ. ಆದರೆ ಅಪ್ಪ, "ಹೋಗಣ" ಅಂದುಬಿಟ್ಟರು.

ಭಾನುವಾರ ಅಪ್ಪ, ನಾನು ಶಿಡ್ಲಘಟ್ಟದ ಬಸ್‌ ನಿಲ್ದಾಣದಲ್ಲಿ ಇಳಿದಾಗ ಹುಡುಗನ ತಾಯಿ ಆಗಲೇ ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಗರಗೆರೆಯಿಂದ ಗೌರಿಬಿದನೂರು, ಅಲ್ಲಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಶಿಡ್ಲಘಟ್ಟ. ಮೂರು ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ಕೈಯಲ್ಲೊಂದು ವೈರು ಬ್ಯಾಗು. ಅಪ್ಪ ಗಲಿಬಿಲಿಯಾಗಿ, "ಮಗ ಬರ್ಲಿಲ್ವಾ?" ಎಂದರು.

"ಅವನ್ಯಾಕೆ? ಅವನು ಸಿನಿಮಾದಲ್ಲಿ ನಿದ್ದೆ ಮಾಡ್ತಾನೆ" ಎಂದು ಅವರು ಬ್ಯಾಗಿನಿಂದ ಎರಡು ಸೌತೆಕಾಯಿ ತೆಗೆದು ಅಪ್ಪನ ಕೈಗಿತ್ತರು.

ಊರಿನ ತುಂಬ ರೇಷ್ಮೆಗೂಡಿನ ವಾಸನೆ. ರೇಷ್ಮೆ ಬಿಚ್ಚುವ ಬೀದಿಗಳನ್ನು ದಾಟಿ ಟಾಕೀಸಿಗೆ ಹೋದೆವು. ಅಪ್ಪ ಗಂಡಸರ ಕಡೆ ಕೂತರು. ನಾವಿಬ್ಬರೂ ಹೆಂಗಸರ ಕಡೆ. ದೀಪ ಆರುವ ಮೊದಲು ಅವರು ನನಗೆ ಹೇಳಿದ್ದು ಇಷ್ಟೇ: "ಸುಮ್ನೆ ನೋಡಮ್ಮ. ಬೈಯೋದು ಆಮೇಲೆ ಬೈಯುವೆಯಂತೆ."

ಮೊದಲರ್ಧ ನಾನು ಪರದೆಗಿಂತ ಹೆಚ್ಚಾಗಿ ಅವರನ್ನೇ ನೋಡಿದೆ. ಗಂಡ ಹೆಂಡತಿಯನ್ನು ಹೊರಗೆ ದಬ್ಬುವಾಗ ಸುತ್ತಲಿನವರೆಲ್ಲ ಮೂಗು ಸೀಟುತ್ತಿದ್ದರು. ಇವರ ಕಣ್ಣು ಒಣಗಿಯೇ ಇತ್ತು. ಮಗು ಜ್ವರದಲ್ಲಿ ನರಳುವಾಗಲೂ ಅಷ್ಟೇ. ಇಂಟರ್ವೆಲ್ಲಿನಲ್ಲಿ ಸೋಡಾ ಕುಡಿಯುತ್ತ, "ಆ ಖಳನಾಯಕ ಚೆನ್ನಾಗಿ ಮಾಡಿದಾನೆ ಅಲ್ವಾ?" ಎಂದರು. ನಾನು ಕಾಯುತ್ತಿದ್ದೆ.

ಎರಡನೇ ಅರ್ಧದಲ್ಲಿ ಒಂದು ಪುಟ್ಟ ದೃಶ್ಯ ಬಂತು. ಚಿಂತಾಮಣಿಯಲ್ಲಿ ನೋಡಿದಾಗ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ಹೊತ್ತಿಗಾಗಲೇ ಸಿಟ್ಟಿನಲ್ಲಿ ಕುದಿಯುತ್ತಿದ್ದೆ. ನಾಯಕಿಯ ಅಪ್ಪ ಮಗಳನ್ನು ಹುಡುಕಿಕೊಂಡು ಇಟ್ಟಿಗೆ ಗೂಡಿಗೆ ಬರುತ್ತಾನೆ. ಅವನಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಅವಳ ಗುಡಿಸಲಿನ ಸುತ್ತ ಒಂದು ಸಲ ನಡೆದು ನೋಡುತ್ತಾನೆ. ಸೂರಿನ ಒಂದು ಮೂಲೆಯ ಗರಿ ಸಡಿಲವಾಗಿರುತ್ತದೆ. ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಬಿಗಿದು ಮೇಲೆ ಹತ್ತಿ, ಹಗ್ಗ ಎಳೆದು ಬಿಗಿಯಾಗಿ ಕಟ್ಟುತ್ತಾನೆ. ಇಳಿದು, ಕೈ ಒರೆಸಿಕೊಂಡು, ಮೊಮ್ಮಗುವಿನ ತಲೆ ಸವರಿ ಹೊರಟುಹೋಗುತ್ತಾನೆ. ಹಾಡಿಲ್ಲ, ಮಾತಿಲ್ಲ.

ನನ್ನ ಮೊಣಕೈ ಮೇಲೆ ಒಂದು ಕೈ ಬಂದು ಬಿಗಿಯಾಗಿ ಹಿಡಿಯಿತು. ತಿರುಗಿದರೆ ಅವರ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳುತ್ತಲೂ ಇರಲಿಲ್ಲ.  ಗಂಡಸರ ಕಡೆ ಕತ್ತಲಲ್ಲಿ ಕೂತಿದ್ದ ನನ್ನ ಅಪ್ಪ ನೆನಪಾದರು. ಮಗಳ ಸಲುವಾಗಿ ಒಂದು ಮಾತನ್ನೂ ಕೇಳದೆ ಬಸ್ಸು ಹತ್ತಿ ಬಂದಿದ್ದರಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಕೊನೆಯ ದೃಶ್ಯ ಬಂತು. ಕಾರು ನಿಂತಿತು, ಗಂಡ ಇಳಿದ, ನಾಯಕಿ ಓಡಿ ಬಂದು ಕಾಲಿಗೆ ಬಿದ್ದಳು. ನಾನು ಹಲ್ಲು ಕಚ್ಚಿ ಕೂತಿದ್ದೆ. ಪಕ್ಕದಿಂದ ಇದ್ದಕ್ಕಿದ್ದಂತೆ ದೊಡ್ಡ ದನಿ ಕೇಳಿತು, ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ. "ಲೇವೇ ಪೈಕಿ! ಎದ್ದೇಳೇ ಮೇಲೆ! ಅವನ ಕಾಲಿಗೆ ನೀನ್ಯಾಕೆ ಬೀಳ್ತೀಯೇ, ಮಂಕೇ?"

ಹೆಂಗಸರ ಕಡೆ ಗೊಳ್ಳನೆ ನಗು ಎದ್ದಿತು. ಮುಂದಿನ ಬೆಂಚಿನ ಮುದುಕಿಯೊಬ್ಬಳು ತಿರುಗಿ, "ಹಂಗೆ ಹೇಳಮ್ಮ, ಹಂಗೆ ಹೇಳು" ಎಂದಳು. ನನಗೆ ನಂಬಲಾಗಲಿಲ್ಲ.

ಹೊರಗೆ ಬಂದು ಹುಣಸೆಮರದ ನೆರಳಿನಲ್ಲಿ ನಿಂತೆವು. ಅಪ್ಪ ಸ್ವಲ್ಪ ದೂರದಲ್ಲಿ ಪೋಸ್ಟರು ನೋಡುತ್ತ ನಿಂತರು. "ಹಾಗಾದ್ರೆ ಮೊದಲೆರಡು ಸಲ ನೀವು ಅತ್ತಿದ್ದೂ ಆ ಕೊನೆಗಲ್ವಾ?" ಎಂದು ಕೇಳಿದೆ.

"ಅದಕ್ಕಾ? ಥೂ! ಗೌರಿಬಿದನೂರಲ್ಲೂ ಬೈದೆ, ಚಿಕ್ಕಬಳ್ಳಾಪುರದಲ್ಲೂ ಬೈದೆ. ಅವಳು ಏಳಲೇ ಇಲ್ಲ" ಎಂದು ನಕ್ಕರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮಪ್ಪ ನನ್ನ ನೋಡಕ್ಕೆ ಬಂದ್ರೆ ಮಾತೇ ಆಡ್ತಿರ್ಲಿಲ್ಲ ಕಣಮ್ಮ. ಮನೇಲಿದ್ದ ಕುಡುಗೋಲೆಲ್ಲ ತಗೊಂಡು ಕಲ್ಲಿನ ಮೇಲೆ ಮಸೆದು ಮಸೆದು ಇಡೋನು. ಮಗಳ ಕೈ ನೋಯಬಾರ್ದು ಅಂತ. ಊಟ ಮಾಡು ಅಂದ್ರೆ ಬಸ್ ಬರುತ್ತೆ ಅಂತ ಹೊರಟುಬಿಡೋನು. ಸಿನಿಮಾ ಮಾಡಿದೋನಿಗೆ ನಮ್ಮಪ್ಪ ಹೆಂಗೆ ಗೊತ್ತಾದ್ನೋ ಏನೋ" ಎಂದರು.

"ಅವತ್ತು ನಮ್ಮನೇಲಿ ಇದನ್ನ ಹೇಳ್ಬಹುದಿತ್ತಲ್ಲ?"

"ನೀನು ಇಡೀ ಸಿನಿಮಾನೇ ಸುಳ್ಳು ಅಂದ್ಯಲ್ಲ, ಅದಕ್ಕೇ ಕರೆಸ್ದೆ. ಕೊನೆ ಕೆಟ್ಟದ್ದು ಅನ್ನು, ಒಪ್ತೀನಿ. ಅಷ್ಟಕ್ಕೆ ಆ ಮುದುಕನ್ನೂ ಸೇರಿಸಿ ಎಸೀಬೇಡ."

ಅಲ್ಲಿಯವರೆಗೆ ಸಿನಿಮಾ ಅಂದರೆ ನನಗೆ ಪರೀಕ್ಷೆಯ ಹಾಗೆ. ಪಾಸು ಇಲ್ಲವೇ ಫೇಲು. ಅದರೊಳಗೆ ನನಗೆ ಬೇಕಾದ ಒಂದು ತುಣುಕನ್ನು ಎತ್ತಿಟ್ಟುಕೊಂಡು ಉಳಿದದ್ದರ ಜೊತೆ ಜಗಳವಾಡಬಹುದು ಎಂದು ಮೊದಲು ತೋರಿಸಿದವರು ಅವರು.

ಬಸ್ಸಿಗೆ ಹೊರಡುವ ಮುಂಚೆ ನನ್ನ ಕೈ ಹಿಡಿದು, "ನಂಗೆ ನೀನು ಒಪ್ಪಿಗೆ. ನಿಂಗೆ ನಾವು ಒಪ್ಪಿಗೆನಾ?" ಎಂದರು. ಹೀಗೆ ನೇರವಾಗಿ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನು ಧೈರ್ಯ ಮಾಡಿ, "ಅವ್ರನ್ನ ಒಂದ್ಸಲ ಮಾತಾಡಿಸ್ಬೇಕು" ಎಂದೆ. "ಮಾತಾಡ್ಸು. ಎಚ್ಚರವಾಗಿದ್ರೆ ಮಾತಾಡ್ತಾನೆ" ಎಂದರು.

ಮುಂದಿನ ಭಾನುವಾರ ಹುಡುಗ ಬಂದ. ನಮ್ಮ ಮನೆಯ ಜಗುಲಿಯಲ್ಲಿ ಕೂತು, ಕೇಳುವ ಮೊದಲೇ, "ನಂಗೆ ಸಿನಿಮಾ ಅಂದ್ರೆ ನಿದ್ದೆ ಬರುತ್ತೆ. ಮಷಿನ್ ಸದ್ದಿಗೆ ಒಗ್ಗಿ ಹೋಗಿದೀನಿ. ಕತ್ತಲೆ, ತಣ್ಣಗೆ ಫ್ಯಾನು ಸಿಕ್ರೆ ಕಣ್ಣು ಮುಚ್ಚುತ್ತೆ. ಆದ್ರೆ ನೀವು ಹೋಗೋದು ಬೇಡ ಅನ್ನಲ್ಲ" ಎಂದ. ನಾನು ಕೆಲಸ ಬಿಡುವುದಿಲ್ಲ ಎಂದೆ. "ಗೌರಿಬಿದನೂರಲ್ಲೂ ಶಿಶುವಿಹಾರ ಇದೆ. ವಿಚಾರಿಸಿ ಬಂದಿದೀನಿ" ಎಂದ. ವಿಚಾರಿಸಿ ಬಂದಿದ್ದಾನೆ ಎಂಬ ಮಾತಿಗೇ ನಾನು ಒಪ್ಪಿದೆ.

ಮದುವೆಯಾಗಿ ಗೌರಿಬಿದನೂರಿಗೆ ಬಂದೆ. ಅತ್ತೆ ನಗರಗೆರೆಯಲ್ಲೇ ಹೊಲ ನೋಡಿಕೊಂಡಿದ್ದರು. ಬೇಸಿಗೆಯಲ್ಲಿ ಹೊಲದ ಕೆಲಸ ಹಗುರಾದಾಗ ನಮ್ಮಲ್ಲಿಗೆ ಬಂದು ಇರುತ್ತಿದ್ದರು. ಬಂದ ಮೊದಲ ದಿನವೇ, "ಯಾವುದು ಬಂದೈತೆ?" ಎಂದು ಕೇಳುತ್ತಿದ್ದರು. ಊರಲ್ಲಿ ಬಂದದ್ದನ್ನೆಲ್ಲ ನೋಡುತ್ತಿದ್ದೆವು. ಕನ್ನಡ ಮುಗಿದರೆ ತೆಲುಗು. ತೆಲುಗು ಅವರಿಗೆ ಅಡುಗೆಮನೆಯ ಭಾಷೆ. ನನಗೂ ಚಿಂತಾಮಣಿಯಲ್ಲಿ ಆಡಿ ಬೆಳೆದದ್ದು. ನಮ್ಮ ಅಭಿಪ್ರಾಯ ಕೂಡಿಬಂದದ್ದು ಕಡಿಮೆ. ಅವರಿಗೆ ಹೊಡೆದಾಟ ಬೇಕು. ಹತ್ತು ಜನ ಒಬ್ಬನ ಮೇಲೆ ಬಿದ್ದರೆ ಮುಂದಕ್ಕೆ ಬಾಗಿ ಕೂರುತ್ತಿದ್ದರು. ನನಗೆ ಮಾತಿನ ಸಿನಿಮಾ ಬೇಕು. ನಾನು ಮೆಚ್ಚಿದ ಒಂದು ಚಿತ್ರದಲ್ಲಿ ಗಂಡಹೆಂಡತಿ ಊಟದ ಮೇಜಿನ ಮುಂದೆ ಕೂತು ಬಹಳ ಹೊತ್ತು ಮನಸ್ಸಿನ ಮಾತಾಡುತ್ತಾರೆ. ಅತ್ತೆ ಜೋರಾಗಿ, "ಸಾರು ಆರೋಗ್ತೈತೆ, ಮೊದ್ಲು ತಿನ್ರೋ" ಎಂದರು. ಅವರು ಮೆಚ್ಚಿದ ಹಾಸ್ಯನಟನನ್ನು ಕಂಡರೆ ನನಗೆ ತಲೆನೋವು. ಈ ಬಗ್ಗೆ ನಾವು ಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ, ಬಟ್ಟೆ ಮಡಚುತ್ತ ವಾದಿಸುತ್ತಿದ್ದರೆ ನನ್ನ ಗಂಡ, "ಇಬ್ರೂ ಒಂದೇ ಸಿನಿಮಾಗೆ ಹೋಗಿದ್ರಾ?" ಎಂದು ಕೇಳುತ್ತಿದ್ದರು. ಒಮ್ಮೆ ಅವರನ್ನೂ ಎಳೆದುಕೊಂಡು ಹೋದೆವು. ಅವರು ಹೇಳಿದ ಹಾಗೆಯೇ ಟೈಟಲ್ಲು ಮುಗಿಯುವುದರೊಳಗೆ ನಿದ್ದೆ ಹೋದರು.

ತೊಂಬತ್ತರ ದಶಕ ಬಂತು. ಮನೆಮನೆಗೆ ಕೇಬಲ್ಲಿನ ತಂತಿ ಎಳೆದರು. ಟಾಕೀಸಿನ ಬೆಂಚುಗಳು ಖಾಲಿ ಕಾಣತೊಡಗಿದವು. ಹೆಂಗಸರು ಮಧ್ಯಾಹ್ನ ಟಿವಿ ಮುಂದೆಯೇ ಉಳಿದರು. ನಾವೂ ಕೆಲ ಕಾಲ ಮನೆಯಲ್ಲೇ ನೋಡಿದೆವು. ಆದರೆ ಅತ್ತೆಗೆ ರುಚಿಸಲಿಲ್ಲ. "ಇದ್ರಲ್ಲಿ ಬೈದ್ರೆ ಯಾರು ಕೇಳಿಸ್ಕೊಂತಾರೆ?" ಅನ್ನುತ್ತಿದ್ದರು.

ಅಂಥದೊಂದು ಬೇಸಿಗೆಯಲ್ಲಿ ಹೊಸಬರೇ ಮಾಡಿದ ಒಂದು ಚಿತ್ರ ಗೌರಿಬಿದನೂರಿಗೆ ಬಾರದೆ ಚಿಕ್ಕಬಳ್ಳಾಪುರಕ್ಕೆ ಬಂತು. ಅದರಲ್ಲಿ ದೊಡ್ಡ ನಟರಿರಲಿಲ್ಲ. ಹಳ್ಳಿಯ ಹುಡುಗಿಯೊಬ್ಬಳು ಬಸ್ಸಿನಲ್ಲಿ ದಿನವೂ ಪಟ್ಟಣಕ್ಕೆ ಹೋಗಿ ಟೈಪಿಂಗ್ ಕಲಿಯುವ ಕಥೆ ಎಂದು ಕೇಳಿದ್ದೆ. ಇಬ್ಬರೂ ಬೆಳಗಿನ ಬಸ್ಸು ಹಿಡಿದು ಹೋದೆವು. ಅತ್ತೆಗೆ ಆಗ ಮಂಡಿನೋವು. ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯುತ್ತಿದ್ದರು. ಒಳಗೆ ನೋಡಿದರೆ ಗಂಡಸರು ಅಲ್ಲೊಬ್ಬ ಇಲ್ಲೊಬ್ಬ. ನಮ್ಮ ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗಿಯರ ಗುಂಪೊಂದು ಕಡಲೆಕಾಯಿ ಸುಲಿಯುತ್ತ ಕೂತಿತ್ತು.

ಚಿತ್ರ ನನಗೆ ಬಹಳ ಇಷ್ಟವಾಯಿತು. ಆ ಹುಡುಗಿ ಯಾರಿಗೂ ಭಾಷಣ ಮಾಡುವುದಿಲ್ಲ. ಬೇಗ ಏಳುತ್ತಾಳೆ, ಹಾಲು ಕರೆಯುತ್ತಾಳೆ, ಬಸ್ಸಿಗೆ ಓಡುತ್ತಾಳೆ. ಬೆರಳು ತಪ್ಪಿದಾಗ ತಾನೇ ನಗುತ್ತಾಳೆ. ಊರೂರು ಸುತ್ತಿ ಸವೆದ ಪ್ರಿಂಟಿನ ಗೀರುಗಳ ನಡುವೆಯೂ ಆ ನಗು ಹೊಸದಾಗಿ ಕಾಣುತ್ತಿತ್ತು. ಇಂಥ ಹುಡುಗಿಯನ್ನು ನಾನು ಪರದೆಯ ಮೇಲೆ ಮೊದಲು ಕಂಡಿರಲಿಲ್ಲ. ಬಸ್ಸಿನಲ್ಲಿ ದಿನವೂ ಕಂಡಿದ್ದೆ. ಅತ್ತೆ ಮಾತ್ರ ಚಡಪಡಿಸುತ್ತಿದ್ದರು. ಇಂಟರ್ವೆಲ್ಲಿಗೆ ದೀಪ ಹತ್ತಿದ್ದೇ, "ಒಂದು ಏಟಾದ್ರೂ ಬೇಡ್ವಾ? ಆ ಕಂಡಕ್ಟ್ರು ಅಷ್ಟು ಕೊಬ್ಬು ಮಾಡ್ತಾನೆ, ಕೆನ್ನೆಗೊಂದು ಬಿಡಬಾರ್ದಾ?" ಎಂದರು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಬಗ್ಗಿ, "ಹೊಡೆದ್ರೆ ಮಾರನೇ ದಿನ ಬಸ್ ಹತ್ತಿಸ್ಕೊಳಲ್ಲ ಅಜ್ಜಿ. ನಮ್ಗೆ ದಿನಾ ಅದೇ ಬಸ್ಸೇ ಬೇಕಲ್ಲ" ಎಂದಳು.

ಅತ್ತೆ ಪೂರ್ತಿ ತಿರುಗಿ ಕೂತರು. "ನೀನೂ ಬಸ್ಸಲ್ಲೇ ಬರ್ತೀಯಾ? ಯಾವೂರು?"

"ಜಂಗಮಕೋಟೆ, ಅಜ್ಜಿ. ಇವಳು ಮೇಲೂರು. ಇಲ್ಲಿ ಕಾಲೇಜಿಗೆ ಬರ್ತೀವಿ."

"ನಿಮ್ಗೂ ಹಂಗೆ ಕಂಡಕ್ಟ್ರು ಇದಾನಾ?"

"ಇದ್ದ. ನಾವೆಲ್ಲ ಒಟ್ಟಿಗೆ ಡಿಪೋಗೆ ಹೋಗಿ ಹೇಳಿದ್ವಿ. ಈಗ ಬೇರೆಯವ್ರು ಬರ್ತಾರೆ."

"ಒಟ್ಟಿಗೆ ಹೋದ್ರಾ? ಮನೇಲಿ ಬೈಲಿಲ್ವಾ?"

"ನಮ್ಮಮ್ಮಾನೂ ಬಂದಿದ್ರು" ಎಂದಳು ಮೇಲೂರಿನ ಹುಡುಗಿ.

ಅತ್ತೆ ಅವರನ್ನು ಒಬ್ಬೊಬ್ಬರಾಗಿ ನೋಡಿದರು. ನನ್ನ ಕಡೆ ತಿರುಗಿ, "ಇದನ್ನ ಯಾಕೆ ಸಿನಿಮಾ ಮಾಡ್ಲಿಲ್ಲ ಅವ್ನು? ಇದು ಚೆನ್ನಾಗೈತಲ್ಲ!" ಎಂದರು. ಹುಡುಗಿಯರು ನಕ್ಕರು. "ನೀವೇ ಮಾಡಿ ಅಜ್ಜಿ" ಎಂದಳು ಒಬ್ಬಳು. "ನಂಗೆ ಮಂಡಿನೋವು. ನೀವು ಮಾಡ್ರಮ್ಮ, ನಾನು ನೋಡ್ತೀನಿ" ಎಂದು ಅತ್ತೆ ಅವರ ಪೊಟ್ಟಣದಿಂದಲೇ ನಾಲ್ಕು ಕಡಲೆಕಾಯಿ ಎತ್ತಿಕೊಂಡರು.

ಮಾತು ಮುಗಿಯುವ ಮೊದಲೇ ದೀಪ ಆರಿತು. ಕುತ್ತಿಗೆ ತಿರುಗಿಸಿ ತಿರುಗಿಸಿ ಸಾಕಾಗಿದ್ದ ಅತ್ತೆ, "ಇಲ್ಲೇ ಬರ್ರಮ್ಮ, ಮುಂದಕ್ಕೆ" ಎಂದರು. ಹುಡುಗಿಯರು ಪುಸ್ತಕ, ಟಿಫನ್ ಬಾಕ್ಸು, ದುಪಟ್ಟಾ ಎಲ್ಲ ಬಾಚಿಕೊಂಡು ಬೆಂಚು ದಾಟಿ ನಮ್ಮ ಸಾಲಿಗೆ ಬಂದರು. ನಾವಿಬ್ಬರೂ ಸರಿದು ಜಾಗ ಮಾಡಿದೆವು. ಪರದೆಯ ಮೇಲೆ ಬಸ್ಸು ಬಂದು ನಿಂತಿತು.